ಹೆಸರು ಕೇಳದೆ ಕಳುಹಿಸಿಬಿಟ್ಟೆ

ಮಾರ್ಚ್ ತಿಂಗಳ ಆ ಶನಿವಾರ ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ನಾಯಿಯೊಂದಿಗೆ ಹೊರಟಿದ್ದ ಹಿರಿಯರೇ, ಈ ಮಾತು ನಿಮಗೆ. ನಿಮಗೆ ಕನ್ನಡ ಬಾರದು. ಆದರೂ ನನ್ನ ಭಾಷೆಯಲ್ಲಿ ಹೇಳಿದರೇ ನನಗೆ ಸಮಾಧಾನ.

ಗೋಡೆಯಾಚೆ, ಬಟ್ಟೆ ಒಣಗಿಸುವ ಯಂತ್ರವಾದ ಡ್ರೈಯರ್‌ನ ಬಿಸಿಗಾಳಿ ಹೊರಬರುವ ಬಾಯಲ್ಲಿ ಹುಲ್ಲುಕಡ್ಡಿ ಇಣುಕುತ್ತಿದ್ದುದನ್ನು ಕಂಡು ನೀವು ಬಾಗಿಲು ತಟ್ಟಿದಿರಿ. ಎರಡೆರಡು ಸಲ ಓಡಿಸಿದರೂ ಬಟ್ಟೆ ಹಸಿಯಾಗಿಯೇ ಉಳಿಯುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದುಕೊಂಡಿದ್ದೆವು. ನೀವು ಮಂಡಿಯೂರಿ ಆ ನಾಲ್ಕು ಅಂಗುಲದ ಕೊಳವೆಯಿಂದ ಹಳೆಯ ಹಕ್ಕಿಗೂಡೊಂದನ್ನು ಎಳೆದಿರಿ. ಒಣಹುಲ್ಲು, ಗರಿ, ನಡುವೆ ಮಗಳ ನೀಲಿ ಸ್ವೆಟರಿನಿಂದ ಉದುರಿದ ಅರಳೆಯಂಥ ಧೂಳು. ಅದರ ಹಿಂದೆ ಇಲಿಯ ಹಿಕ್ಕೆ! ತೊಟ್ಟಿಲ ಕೂಸಿರುವ ಮನೆ ನಮ್ಮದು. ನನ್ನ ಎದೆ ಧಸಕ್ಕೆಂದಿತು.

ಯಂತ್ರ ನಿಂತಾಗ ತಾನಾಗಿ ಮುಚ್ಚಿಕೊಳ್ಳಬೇಕಾದ, ಕೊಳವೆಯ ಬಾಯಿಗಿರುವ ರೆಕ್ಕೆಯಂಥ ಮುಚ್ಚಳಗಳು ಧೂಳಂಟಿ ತೆರೆದೇ ನಿಂತಿದ್ದವು. ಸಣ್ಣ ಕಣ್ಣಿನ ಜಾಲರಿ ಬಡಿದುಬಿಡುತ್ತೇನೆ ಎಂದಾಗ ನೀವು ತಡೆದಿರಿ: ಅದರಲ್ಲಿ ಧೂಳು ಕಟ್ಟಿಕೊಂಡು ಗಾಳಿ ನಿಲ್ಲುತ್ತದೆ, ಶಾಖ ಏರುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಆ ಒಂದು ಮಾತಿಗೆ ನಾನು ಎಂದೆಂದಿಗೂ ಋಣಿ.

ಉದ್ದನೆಯ ಬ್ರಷ್ಷನ್ನು ನಿಮ್ಮ ಮನೆಯಿಂದಲೇ ತಂದು ಕೊಳವೆ ಉಜ್ಜಿಕೊಟ್ಟಿರಿ. ಕಾಫಿಗೂ ನಿಲ್ಲಲಿಲ್ಲ.

ಈಗ ತಿಂಗಳಿಗೊಮ್ಮೆ ಹೊರಗೆ ನಿಂತು ನೋಡುತ್ತೇನೆ. ಡ್ರೈಯರ್ ಓಡುವಾಗ ಆ ರೆಕ್ಕೆಮುಚ್ಚಳಗಳು ಏಳುತ್ತವೆ, ನಿಂತೊಡನೆ ಟಪ್ಪೆಂದು ಬೀಳುತ್ತವೆ. ಮತ್ತೊಮ್ಮೆ ಈ ದಾರಿಯಲ್ಲಿ ಬಂದರೆ ದಯವಿಟ್ಟು ಬಾಗಿಲು ತಟ್ಟಿ, ಕಾಫಿ ಬಾಕಿಯಿದೆ.