ಚಿಪ್ಪಿನ ಪುಡಿಯನ್ನು ನಮ್ಮ ಕೊಳವೆಬಾವಿ ನೀರಿನಲ್ಲಿ ಪರೀಕ್ಷಿಸಲಿ

ಮಾನ್ಯ ಸಂಪಾದಕರೇ,

ಕಡಲಿನ ಚಿಪ್ಪು ಹಾಗೂ ಮೀನಿನ ಮೂಳೆಗಳಿಂದ ಜೈವಿಕ ಸೆರಾಮಿಕ್ (ದೇಹಕ್ಕೆ ಒಗ್ಗುವ ಖನಿಜ) ಪುಡಿ ತಯಾರಿಸುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಮೂಳೆ ಕಸಿ ಮತ್ತು ದಂತಚಿಕಿತ್ಸೆಯ ಉಪಯೋಗಗಳನ್ನಷ್ಟೇ ವಿವರಿಸಿತ್ತು. ಕರಾವಳಿಯಿಂದ ದೂರದ ಕೊಪ್ಪಳ, ರಾಯಚೂರು ಜಿಲ್ಲೆಗಳವರಿಗೆ ಇದೇ ಪುಡಿ ಬೇರೊಂದು ಕಾರಣಕ್ಕೆ, ಅಂದರೆ ಹೆಚ್ಚಾದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡನ್ನು ಕೊಳವೆಬಾವಿ ನೀರಿನಿಂದ ತೆಗೆಯಲು, ಮುಖ್ಯವಾದುದರಿಂದ ಈ ಪತ್ರ.

ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ 100 ಗ್ರಾಂ ಕಾರ್ಬೊನೇಟಿಗೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಕರಾವಳಿಯ ಸುಣ್ಣದ ಗೂಡುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವುದು ಇದೇ ಕ್ರಿಯೆ. ಆ ಸುಣ್ಣವನ್ನು ನೀರಿನಲ್ಲಿ ಕದಡಿ, ಕ್ಷಾರಗುಣ ಕಡಿಮೆಯಾಗದಂತೆ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿದರೆ, ನಮ್ಮ ಮೂಳೆ, ಹಲ್ಲುಗಳಲ್ಲಿರುವಂಥದೇ ಖನಿಜವಾದ ಹೈಡ್ರಾಕ್ಸಿಅಪಟೈಟ್ ದೊರೆಯುತ್ತದೆ. ನಾನು ಹೇಳುತ್ತಿರುವ ಪುಡಿ ಇದೇ.

ಈ ಖನಿಜವು ನೀರಿನಲ್ಲಿರುವ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೀನ್ಯಾ, ಟಾಂಜಾನಿಯಾಗಳಲ್ಲಿ ಪ್ರಾಣಿಗಳ ಮೂಳೆಯ ಇದ್ದಲನ್ನು ಕುಡಿಯುವ ನೀರು ಸೋಸಲು ಬಳಸಿರುವುದು ಇದೇ ಗುಣಕ್ಕಾಗಿ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆಂಬುದು ಹೊಸ ಸುದ್ದಿಯಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ಬೇರ್ಪಡಿಸುತ್ತವೆ, ನಿಜ. ಆದರೆ ಅವು ಹೊರಚೆಲ್ಲುವ ನೀರಿನಲ್ಲಿ ಅದೇ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗಿ ಚರಂಡಿ ಸೇರುತ್ತದೆ, ಕೆಟ್ಟ ಘಟಕವಂತೂ ಬೀಗ ಹಾಕಿಕೊಂಡು ನಿಂತಿರುತ್ತದೆ.

ಮೂಳೆ ಇದ್ದಲಿನಲ್ಲಿ ಸೋಸಿದ ನೀರನ್ನು ನಮ್ಮಲ್ಲಿ ಅನೇಕರು ಒಪ್ಪಲಾರರು. ಚಿಪ್ಪಿನ ಸುಣ್ಣವನ್ನು ಎಲೆಯಡಿಕೆಗೆ ಹಚ್ಚಿಕೊಳ್ಳುವ ರೂಢಿ ನಾಡಿನಲ್ಲಿ ಇದ್ದೇ ಇರುವುದರಿಂದ ಚಿಪ್ಪಿಗೆ ಅಷ್ಟು ವಿರೋಧ ಬರಲಾರದೆಂದು ನನ್ನ ಎಣಿಕೆ. ಹಾಗಿದ್ದರೂ ಪುಡಿಯ ಮೂಲವನ್ನು ಮುಚ್ಚಿಡದೆ ಘಟಕದ ಗೋಡೆಯ ಮೇಲೆಯೇ ಬರೆಯಬೇಕು.

ಉತ್ಸಾಹಕ್ಕೆ ಮೊದಲು ಪರೀಕ್ಷೆ ಆಗಬೇಕು. ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪ್ರಯೋಗಾಲಯದಲ್ಲಿ ಪಡೆದ ಫಲಿತಾಂಶವನ್ನು ನಮ್ಮೂರಿಗೆ ಹಾಗೆಯೇ ಅನ್ವಯಿಸಲಾಗದು. ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಕ್ಷಾರಗುಣ ಕೊಡುವ ಬೈಕಾರ್ಬೊನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಇಂಥ ಕ್ಷಾರೀಯ ನೀರಿನಲ್ಲಿ ಪುಡಿ ಹೀರಿಕೊಳ್ಳುವ ಫ್ಲೋರೈಡಿನ ಪ್ರಮಾಣ ತಗ್ಗುತ್ತದೆ. ಚಿಪ್ಪುಜೀವಿಗಳು ನೀರನ್ನು ಸೋಸಿ ಬದುಕುವುದರಿಂದ ಬಂದರುಗಳ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಎಂಬ ವಿಷಲೋಹಗಳು ಅವುಗಳಲ್ಲಿ ಸೇರಿಕೊಳ್ಳಬಲ್ಲವು. ದೇಹದೊಳಗೆ ಇಡುವ ಹೈಡ್ರಾಕ್ಸಿಅಪಟೈಟಿಗೆ ಅಂತರರಾಷ್ಟ್ರೀಯ ಮಾನದಂಡವು ಕಿಲೋಗೆ ಸೀಸ 30 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಎಂಬ ಮಿತಿ ಹಾಕಿದೆ. ದಿನವೂ ಕುಡಿಯುವ ನೀರು ಹಾದುಬರುವ ಪುಡಿಗೂ ಅಷ್ಟೇ ಬಿಗಿಯಾದ ತಪಾಸಣೆ ಬೇಕು.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ರಸಾಯನವಿಜ್ಞಾನ ವಿಭಾಗವು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜೊತೆಗೂಡಿ ನಮ್ಮ ತಾಲ್ಲೂಕುಗಳ ನೀರಿನಲ್ಲಿಯೇ ಈ ಪರೀಕ್ಷೆ ನಡೆಸಲೆಂದು ವಿನಂತಿಸುತ್ತೇನೆ. ಫ್ಲೋರೈಡ್ ತುಂಬಿಕೊಂಡ ಹಳೆಯ ಪುಡಿಯನ್ನು ಎಲ್ಲಿ, ಯಾರು ವಿಲೇವಾರಿ ಮಾಡಬೇಕೆಂಬುದನ್ನೂ ಆ ವರದಿಯಲ್ಲಿ ಸೇರಿಸಲಿ.

— ನಿವೃತ್ತ ರಸಾಯನವಿಜ್ಞಾನ ಉಪನ್ಯಾಸಕ, ಕುಷ್ಟಗಿ, ಕೊಪ್ಪಳ ಜಿಲ್ಲೆ