ಅಜ್ಜಿ ಅಂದ ಹಾಗೇ ಬರೆ

ಸಿಂಧನೂರು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಹಾಸ್ಯದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ. ಮನಸ್ಸಿನಲ್ಲಿ ಓದಿದಾಗ ಚೆನ್ನಾಗಿತ್ತು. ಜೋರಾಗಿ ಓದಿದಾಗ ನಾಲಿಗೆ ಅಲ್ಲಲ್ಲಿ ತೊಡರಿತು. ತೊಡರಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಬೇಜಾರು ಮಾಡ್ಕೋಬೇಡ. ನಲವತ್ತು ವರ್ಷ ಮೈಕಿನ ಮುಂದೆ ನಿಂತ ಮೇಲೆ ನಾನು ನಂಬುವ ಪರೀಕ್ಷೆ ಇದೊಂದೇ.

ಬಸ್ ಸ್ಟ್ಯಾಂಡಿನ ಅಜ್ಜಿಯ ಪ್ರಸಂಗ ತಗೋ. ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಬಸ್ಸು ಪುಕ್ಕಟೆ, ಮೊಮ್ಮಗನಿಗಲ್ಲ. ಆರು ದಾಟಿದ ಹುಡುಗನಿಗೆ ಅರ್ಧ ಟಿಕೆಟ್ ತಗೋ ಅಂತ ಕಂಡಕ್ಟರ್ ಕೇಳುತ್ತಾನೆ. ಅಜ್ಜಿಯ ಉತ್ತರವನ್ನು ನೀನು ಹೀಗೆ ಬರೆದಿದ್ದೀಯ: 'ನಿಮ್ಮ ಬಸ್ಸಿಗೆ ಕಾಯಲು ಕುಳಿತಾಗ ಇವನಿಗೆ ಐದು ವರ್ಷವಾಗಿತ್ತು.' ವ್ಯಾಕರಣ ಸರಿ ಇದೆ. ಆದರೆ ಸಾಲಿನಲ್ಲಿ ಬಸ್ಸು ಮೊದಲೇ ಬಂದುಬಿಟ್ಟಿತು. ಗುಟ್ಟು ಗೊತ್ತಾದ ಮೇಲೆ ಕೇಳುವವನು ಆ ಐದು ವರ್ಷ ತಗೊಂಡು ಏನು ಮಾಡಬೇಕು? ನಮ್ಮ ಅಜ್ಜಿಯರು ಹೀಗನ್ನುತ್ತಾರೆ: 'ಐದಾ ವರ್ಷ ಇತ್ತಪ್ಪಾ... ನಿನ್ನ ಬಸ್ಸಿಗೆ ಕಾಯಾಕ ಕುಂತಾಗ.'

ಕ್ರಿಯಾಪದ ಕೊನೆಗೆ ಬರಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಬಾಯಿಮಾತಿನಲ್ಲಿ ಮಾತು ಮುಗಿದ ಮೇಲೂ ಒಂದು ತುಂಡು ಜೋಡಿಸುತ್ತೇವೆ. 'ಬಂದಿದ್ದ, ನಿನ್ನೆ.' 'ಕೊಟ್ಟಾನ, ಪುಣ್ಯಾತ್ಮ.' ಆ ಬಾಲದಲ್ಲೇ ನಗು ಇರುತ್ತದೆ. 'ಇತ್ತಪ್ಪಾ' ಆದ ಮೇಲೆ ಒಂದು ಉಸಿರು ತಗೊಳ್ಳುವಷ್ಟು ಹೊತ್ತು ಸುಮ್ನಿರಬೇಕು. ಕಂಡಕ್ಟರ್ ನಂಬಿದ ಅನ್ನಿಸಬೇಕು. ಆಮೇಲೆ ಬಸ್ಸು. ಅದಾದ ಮೇಲೆ ಒಂದಕ್ಷರ ಜಾಸ್ತಿ ಬೇಡ. ನೀನು 'ಎಂದು ಅಜ್ಜಿ ತಮಾಷೆಯಾಗಿ ಹೇಳಿದಳು' ಅಂತ ಸೇರಿಸಿದ್ದೀಯ. ಹೊಡೆದು ಹಾಕು. ಅಜ್ಜಿಗೆ ಅದು ತಮಾಷೆ ಅಲ್ಲ. ಎರಡು ತಾಸು ಬಿಸಿಲಲ್ಲಿ ಕುಂತ ಸಿಟ್ಟು.

ಸ್ಕ್ರಿಪ್ಟಿನ ಕೊನೆಯ ಭಾಗದಲ್ಲಿ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ ಮಾಡಿದ್ದೀಯ. ಬೆಂಗಳೂರಿನ ವೇದಿಕೆಗೆ ಅಂತ ಸಾಲು ಸಾಲಿಗೂ 'ಯಪ್ಪಾ', 'ಯವ್ವಾ', 'ಲೇ' ತುರುಕಿದ್ದೀಯ. ಈ ತಪ್ಪು ನಾನೂ ಮಾಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಒಮ್ಮೆ ಅಲ್ಲಿನ ಕಾರ್ಯಕ್ರಮದಲ್ಲಿ ನಮ್ಮ ಮಾತನ್ನು ಬೇಕಂತಲೇ ಎಳೆದೆಳೆದು ಆಡಿದೆ. ಜನ ಬಿದ್ದು ಬಿದ್ದು ನಕ್ಕರು. ಹೊರಗೆ ಬಂದಾಗ ಗೇಟಿನ ವಾಚ್‌ಮನ್ ಕೈ ಮುಗಿದ. ಲಿಂಗಸುಗೂರು ಕಡೆಯವ. ಕಟ್ಟಡ ಕೆಲಸಕ್ಕೆ ಹೋಗಿ ಅಲ್ಲೇ ಉಳಿದವ. 'ಸರ, ನಾವು ಹಂಗ ಮಾತಾಡ್ತೀವೇನ್ರಿ?' ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಹೊರಡಲಿಲ್ಲ. ಅವತ್ತು ಜನ ನಕ್ಕಿದ್ದು ಅವನ ಮಾತಿಗೆ. ಆ ನಗುವನ್ನು ನಾನು ತಗೋಬಾರದಿತ್ತು.

ನಮ್ಮ ಬಯಲಾಟ, ದೊಡ್ಡಾಟದ ಸಾರಥಿಯನ್ನು ನೋಡಿದ್ದೀಯ ಅಲ್ವಾ? ರಾಜ ಕಿರೀಟ ಹೊತ್ತು ಗ್ರಾಂಥಿಕ ಭಾಷೆಯಲ್ಲಿ ಗುಡುಗುತ್ತಾನೆ. ಸಾರಥಿ ಪಕ್ಕದಲ್ಲಿ ನಿಂತು ಊರ ಮಾತಿನಲ್ಲಿ ಯಾರು, ಎಲ್ಲಿಂದ ಬಂದ್ರಿ ಅಂತ ವಿಚಾರಿಸುತ್ತಾನೆ. ಒಳ್ಳೆಯ ಸಾರಥಿ ಮಾತನ್ನು ಸೊಟ್ಟ ಮಾಡುವುದಿಲ್ಲ. ಓಣಿಯಲ್ಲಿ ಆಡುವ ಹಾಗೇ ಆಡುತ್ತಾನೆ. ಪಕ್ಕದಲ್ಲಿ ರಾಜ ಇದ್ದಾನಲ್ಲ, ಅಷ್ಟು ಸಾಕು.

ನಮ್ಮ ಮಾತಿಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಉರ್ದು, ತೆಲುಗು ಎರಡೂ ನಮ್ಮ ಬಾಯಲ್ಲಿ ಮನೆ ಮಾಡಿವೆ. 'ನಿಜ' ಅನ್ನುವುದಕ್ಕೆ ಒಂದು ತೂಕ, 'ಖರೆ' ಅನ್ನುವುದಕ್ಕೆ ಇನ್ನೊಂದು. ಸಾಲ ಕೊಟ್ಟವನ ಮುಂದೆ ನಿಂತು 'ಖರೇನ ಕೊಡ್ತೀನ್ರಿ' ಅನ್ನುವವನನ್ನು ನೋಡು. ಆ 'ಖರೇನ' ಬಂತು ಅಂದರೆ ಈ ವಾರ ದುಡ್ಡು ಬರುವುದಿಲ್ಲ ಅಂತ ಸಾಲ ಕೊಟ್ಟವನಿಗೆ ಗೊತ್ತಾಗುತ್ತದೆ. ಅಲ್ಲಿ 'ನಿಜವಾಗಿಯೂ' ಅಂತ ಬರೆದರೆ ಪ್ರಸಂಗ ಸತ್ತಂತೆ.

ಹಾಸ್ಯ ಸಾಹಿತಿ ಬೀಚಿಯವರನ್ನು ಓದುತ್ತಿದ್ದೀಯ ಅಂತ ತಿಳಿದು ಸಂತೋಷವಾಯಿತು. ಹರಪನಹಳ್ಳಿಯಲ್ಲಿ ಹುಟ್ಟಿದ ಅವರು ತಮ್ಮ ಹೆಸರನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರ ಹಾಸ್ಯದ ಪಾತ್ರ ತಿಂಮನ ಉತ್ತರ ಎಷ್ಟು ಚಿಕ್ಕದು, ಗಮನಿಸು. ಆದರೆ ತಿಂಮನನ್ನು ನಿನ್ನ ಸ್ಕ್ರಿಪ್ಟಿಗೆ ಕರೆತರಬೇಡ. ನಿನಗೆ ನಿನ್ನ ಅಜ್ಜಿ ಇದ್ದಾಳೆ.

ಮುಂದಿನ ವಾರ ಊರಲ್ಲೇ ಇರುತ್ತೇನೆ. ಬೆಳಿಗ್ಗೆ ಬಸ್ ಇಳಿದವನೇ ನನ್ನ ಮನೆಗೆ ಓಡಿ ಬರಬೇಡ. ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ತಾಸು ಚಹಾ ಕುಡಿಯುತ್ತಾ ಕೂತ್ಕೋ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು, ತರಕಾರಿಯವರ ಉರ್ದು, ಹಳ್ಳಿಯವರ ಕನ್ನಡ ಒಂದೇ ಬೆಂಚಿನ ಮೇಲೆ ಸಿಗುತ್ತವೆ. ಆಮೇಲೆ ಬಾ. ಅಜ್ಜಿಯ ಪ್ರಸಂಗವನ್ನು ಕಾಗದ ನೋಡದೆ ಹೇಳು. ನಾನು ಕಣ್ಣು ಮುಚ್ಚಿ ಕೇಳುತ್ತೇನೆ.

ನಿನ್ನ ಅಣ್ಣ