ಧರ್ಮದ ಹೆಸರಿನ ಯಂತ್ರದಾಟಕ್ಕೆ ನಮ್ಮ ದತ್ತಿ ಸಂಸ್ಥೆಗಳು ಹೆಸರು ಕೊಡಬಾರದು

ಮಾನ್ಯ ಸಂಪಾದಕರೇ,

ಗಂಗಾವತಿಯ ಒಂದು ಸಣ್ಣ ದತ್ತಿ ಸಂಸ್ಥೆಗೆ ನಾನು ಹಲವು ವರ್ಷಗಳಿಂದ ಖಜಾಂಚಿಯಾಗಿದ್ದೇನೆ. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಓಡಾಡುವ ಬಡ ರೋಗಿಗಳ ಬಸ್ ಖರ್ಚು ಮತ್ತು ಔಷಧಿಯ ಖರ್ಚನ್ನು ಭರಿಸುವುದು ನಮ್ಮ ಕೆಲಸ. ಕಳೆದ ತಿಂಗಳು ನಮ್ಮ ಸಮಿತಿಯ ಸಭೆಗೆ ಒಂದು ಕಂಪನಿಯ ಪ್ರತಿನಿಧಿ ಬಂದು, ಅಮೆರಿಕದ ಹಲವು ರಾಜ್ಯಗಳಲ್ಲಿ ನಡೆಯುತ್ತಿರುವ ‘ಎಲೆಕ್ಟ್ರಾನಿಕ್ ಧರ್ಮಾರ್ಥ ಆಟ’ದ ವ್ಯವಹಾರವನ್ನು ನಮ್ಮ ಭಾಗಕ್ಕೂ ವಿಸ್ತರಿಸುವ ಯೋಜನೆಯಿದೆ, ಆನ್‌ಲೈನ್ ಆಟಗಳಿಗೆ ಈಗಷ್ಟೇ ಹೊಸ ಕಾನೂನು ಬಂದಿರುವುದರಿಂದ ನಿಯಮಗಳು ಸ್ಪಷ್ಟವಾಗುವ ಮುನ್ನವೇ ದತ್ತಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದೇವೆ ಎಂದು ಹೇಳಿ, ಸಹಿಗಾಗಿ ಕಾಗದಗಳನ್ನು ಮುಂದಿಟ್ಟರು. ಜಿಲ್ಲೆಯ ಬೇರೆ ಸಂಸ್ಥೆಗಳನ್ನೂ ಭೇಟಿಯಾಗುವುದಾಗಿ ಅವರೇ ಹೇಳಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಈ ಆಟ ಏನೆಂಬುದನ್ನು ಹೇಳಬೇಕು. ಅಮೆರಿಕದ ಬಾರ್‌ಗಳಲ್ಲಿ, ಮಾಜಿ ಸೈನಿಕರ ಸಂಘಗಳಲ್ಲಿ ರಟ್ಟಿನ ಸಣ್ಣ ಟಿಕೆಟ್ ಮಾರುವ ರೂಢಿ ಬಹಳ ಕಾಲದಿಂದ ಇದೆ. ಟಿಕೆಟ್ಟಿನ ಪಟ್ಟಿಗಳನ್ನು ಕಿತ್ತಾಗ ಒಂದೇ ಬಗೆಯ ಚಿತ್ರಗಳು ಸಾಲಾಗಿ ಬಂದರೆ ಬಹುಮಾನ. ಉಳಿದ ಹಣದಲ್ಲಿ ಒಂದು ಪಾಲು ಸೇವಾ ಸಂಸ್ಥೆಗೆ. ಈಗ ಅದೇ ಟಿಕೆಟ್ ಟ್ಯಾಬ್ಲೆಟ್‌ನ ಪರದೆಯ ಮೇಲೆ ಬರುತ್ತದೆ. ಮಿನ್ನೆಸೋಟ ರಾಜ್ಯ 2012ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಉತ್ತರ ಡಕೋಟದಲ್ಲಿ 2018ರಲ್ಲಿ ಶುರುವಾಯಿತು. ಒಹಾಯೊ 2021ರಲ್ಲಿ ಮಾಜಿ ಸೈನಿಕರ ಸಂಘಗಳಿಗೂ ಅಂಥ ಇತರ ಸಂಘಗಳಿಗೂ ಕಾನೂನು ಮಾಡಿಕೊಟ್ಟಿತು. ಸಾಮಾನ್ಯವಾಗಿ ಇಂಥ ವ್ಯವಸ್ಥೆಯಲ್ಲಿ ಆಟ ನಡೆಸುವ ಪರವಾನಗಿ ಸಿಗುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ. ಯಂತ್ರ ಮತ್ತು ಸಾಫ್ಟ್‌ವೇರ್ ಒದಗಿಸುವ ಕಂಪನಿ ಅದರ ಬಾಡಿಗೆ ಮತ್ತು ಶುಲ್ಕ ಪಡೆಯುತ್ತದೆ. ಹೊಸ ಊರಿಗೆ ಬಂದ ಕಂಪನಿ ಮೊದಲು ಅಂಗಡಿ ಹುಡುಕದೆ ದತ್ತಿ ಸಂಸ್ಥೆಯನ್ನು ಹುಡುಕುವುದಕ್ಕೆ ಕಾರಣ ಇದೇ. ಅವರಿಗೆ ನಮ್ಮಿಂದ ಬೇಕಾಗಿದ್ದುದು ದುಡ್ಡಲ್ಲ, ಜಾಗವೂ ಅಲ್ಲ. ಬೇಕಾಗಿದ್ದುದು ನಮ್ಮ ನೋಂದಣಿ ಸಂಖ್ಯೆ ಮತ್ತು ಊರಿನಲ್ಲಿ ನಮಗಿರುವ ಹೆಸರು.

ಆ ದಿನ ಪ್ರತಿನಿಧಿಯವರು ಟ್ಯಾಬ್ಲೆಟ್ ಒಂದನ್ನು ನಮ್ಮ ರಸೀದಿ ಪುಸ್ತಕದ ಪಕ್ಕದಲ್ಲೇ ಇಟ್ಟು ಆಟ ತೋರಿಸಿದರು. ಪರದೆಯ ಮೇಲೆ ಗಂಟೆ, ನಿಂಬೆಹಣ್ಣು, ನಕ್ಷತ್ರಗಳ ಚಿತ್ರ. ಬೆರಳು ತಾಗಿದೊಡನೆ ಸಣ್ಣದೊಂದು ನಾದ. ಎರಡು ಚಿತ್ರ ಕೂಡಿ ಮೂರನೆಯದು ತಪ್ಪಿದಾಗ ಬೇರೆಯೇ ನಾದ. ಲೆಕ್ಕಕ್ಕೆ ಮಾತ್ರ ಇದ್ದ ಹಣದಲ್ಲಿ ಆಡುತ್ತಿದ್ದ ನಮ್ಮ ಸದಸ್ಯರೊಬ್ಬರು ಚಹಾ ತಣ್ಣಗಾದರೂ ಪರದೆಯಿಂದ ಕಣ್ಣು ಕೀಳಲಿಲ್ಲ. ಅವರು ಬೀಡಿ, ಎಲೆ ಅಡಿಕೆಯ ಚಟವೂ ಇಲ್ಲದ ಮನುಷ್ಯ. ಅದನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಯಿತು. ನಮ್ಮ ಸಮಿತಿಯ ಹಿರಿಯರು, ಭತ್ತದ ವ್ಯಾಪಾರ ಮಾಡಿದವರು, ಒಂದೇ ಪ್ರಶ್ನೆ ಕೇಳಿದರು: ‘ತಮ್ಮಾ, ಗೆದ್ದಾಂವಗ ಕೊಡೋ ರೊಕ್ಕ ಯಾರ್ದು?’ ‘ಸೋತವರದು, ಅಜ್ಜಾರೆ’ ಎಂದರು ಪ್ರತಿನಿಧಿ. ‘ಮತ್ತ ನಮ್ಮ ಸಂಸ್ಥಾಕ್ಕ ಕೊಡೋದು?’ ಅದೂ ಸೋತವರದೇ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಲೆಕ್ಕ ಬರೆಯುವವನಾಗಿ ಒಂದು ಮಾತನ್ನು ವಿವರಿಸಲೇಬೇಕು. ನೂರಕ್ಕೆ 85 ರೂಪಾಯಿ ಆಟಗಾರರಿಗೇ ಬಹುಮಾನವಾಗಿ ಮರಳುತ್ತದೆ, ಹೋಗುವುದು ಬರೀ 15 ರೂಪಾಯಿ ಎಂದು ಅವರು ಹೇಳಿದರು. ಕೇಳಲು ಹಿತವಾಗಿದೆ. ಆದರೆ ಯಂತ್ರದ ಮುಂದೆ ಕುಳಿತವನು ಗೆದ್ದದ್ದನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋಗುವುದಿಲ್ಲ, ಅದನ್ನೇ ಮತ್ತೆ ಹೂಡುತ್ತಾನೆ. ಐದು ನೂರು ರೂಪಾಯಿ ಕೂಲಿ ಹಿಡಿದು ಬಂದವನ ಕೈಯಲ್ಲಿ ಸರಾಸರಿ ಲೆಕ್ಕದಂತೆ ಮೊದಲ ಸುತ್ತಿಗೆ 425, ಎರಡನೆಯದಕ್ಕೆ 361, ಮೂರನೆಯದಕ್ಕೆ 307, ನಾಲ್ಕನೆಯದಕ್ಕೆ 261 ರೂಪಾಯಿ ಉಳಿಯುತ್ತದೆ. ಕಾಗದದ ಟಿಕೆಟ್ಟಿನಲ್ಲಿ ನಾಲ್ಕು ಸುತ್ತು ಮುಗಿಯಲು ಸಂಜೆಯೇ ಬೇಕಾಗಬಹುದು. ಪರದೆಯ ಮೇಲೆ ಕೆಲವು ನಿಮಿಷ ಸಾಕು. ಇನ್ನು ಕಳೆದುಹೋದ 239 ರೂಪಾಯಿ ಪೂರ್ತಿಯಾಗಿ ಡಯಾಲಿಸಿಸ್ ರೋಗಿಗೆ ಬರುತ್ತದೆಯೇ? ಅವರ ಕಾಗದದಲ್ಲಿ ಯಂತ್ರದ ಬಾಡಿಗೆ, ಸಾಫ್ಟ್‌ವೇರ್ ಶುಲ್ಕ, ಜಾಗ ಕೊಟ್ಟವರ ಪಾಲು, ತೆರಿಗೆ ಇವೆಲ್ಲ ಕಳೆದ ಮೇಲೆ, ಕಟ್ಟಕಡೆಯ ಸಾಲಿನಲ್ಲಿ ನಮ್ಮ ಸಂಸ್ಥೆಯ ಹೆಸರಿತ್ತು. ತೆರಿಗೆಯ ವಿಷಯದಲ್ಲಂತೂ ಅವರ ಲೆಕ್ಕ ನಮ್ಮ ದೇಶಕ್ಕೆ ಹೊಂದುವುದೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಮೇಲೆ ಶೇ 40ರಷ್ಟು ಜಿಎಸ್‌ಟಿ ಇದೆ. ಆ ಲೆಕ್ಕ ಹಿಡಿದರೆ, ತೆರಿಗೆಯೂ ಸೇರಿ ನೂರು ರೂಪಾಯಿಯಾಗುವ ಟಿಕೆಟ್ಟಿನಲ್ಲಿ 28 ರೂಪಾಯಿಗೂ ಹೆಚ್ಚು ತೆರಿಗೆಗೇ ಹೋಗುತ್ತದೆ. ಹಾಗಿರುವಾಗ 85 ರೂಪಾಯಿ ಬಹುಮಾನ ಕೊಟ್ಟು ಮೇಲೆ ಧರ್ಮವನ್ನೂ ಮಾಡುವುದು ಯಾವ ಗಣಿತದಲ್ಲಿ ಸಾಧ್ಯ?

ಮಿನ್ನೆಸೋಟದ ಅನುಭವವನ್ನೂ ನೋಡಬೇಕು. ಅಲ್ಲಿ ಪರದೆಯ ಆಟಕ್ಕೆ ಬಾಗಿಲು ತೆರೆದದ್ದು ಒಂದು ವೃತ್ತಿಪರ ಫುಟ್‌ಬಾಲ್ ತಂಡದ ಹೊಸ ಕ್ರೀಡಾಂಗಣಕ್ಕೆ ರಾಜ್ಯ ಸರ್ಕಾರ ಕೊಡಬೇಕಾಗಿದ್ದ ಪಾಲನ್ನು ಹೊಂದಿಸಲು. ಮೊದಲ ವರ್ಷಗಳಲ್ಲಿ ಆದಾಯ ಅಂದಾಜಿಗಿಂತ ತೀರಾ ಕಡಿಮೆ ಬಂದು ಸರ್ಕಾರ ಸಿಗರೇಟ್ ತೆರಿಗೆ ಮತ್ತಿತರ ಮೂಲಗಳನ್ನು ಹುಡುಕಬೇಕಾಯಿತು. ಮುಂದೆ ಆಟ ಎಷ್ಟು ಬೆಳೆಯಿತೆಂದರೆ 2023ರಲ್ಲಿ ಕ್ರೀಡಾಂಗಣದ ಸಾಲವನ್ನು ಅವಧಿಗೆ ಮುನ್ನವೇ ತೀರಿಸಲಾಯಿತು. ಅದೇ ವರ್ಷ ಅಲ್ಲಿನ ಶಾಸನಸಭೆ, ಒಂದೇ ಒತ್ತಿಗೆ ಎಲ್ಲ ಪಟ್ಟಿಗಳೂ ತೆರೆದುಕೊಳ್ಳುವ ಸೌಲಭ್ಯ ಕ್ಯಾಸಿನೊ ಯಂತ್ರವನ್ನೇ ಹೋಲುತ್ತದೆ ಎಂಬ, ಕ್ಯಾಸಿನೊ ನಡೆಸುವ ಅಲ್ಲಿನ ಮೂಲನಿವಾಸಿ ಸಮುದಾಯಗಳ ಆಕ್ಷೇಪದ ಹಿನ್ನೆಲೆಯಲ್ಲಿ, 2025ರ ಜನವರಿಯಿಂದ ಅದನ್ನು ನಿಷೇಧಿಸಿತು. ಸೇವಾ ಸಂಸ್ಥೆಗಳಿಗೆ ಅಲ್ಲಿ ಹಣ ಸಿಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ, ಸಿಕ್ಕಿದೆ. ಆದರೆ ಕಟ್ಟುನಿಟ್ಟಿನ ನಿಯಂತ್ರಣ ಮಂಡಳಿ ಇರುವ ರಾಜ್ಯಕ್ಕೇ ಯಂತ್ರದ ಒಂದು ಗುಂಡಿಯನ್ನು ಹಿಂದಕ್ಕೆ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಮ್ಮ ಕಾನೂನಿನ ಸ್ಥಿತಿ ಪ್ರತಿನಿಧಿಯವರು ಹೇಳಿದಷ್ಟು ಸಡಿಲವಾಗಿಲ್ಲ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ, ಅದೇ ತಿಂಗಳ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳಿಗೆ ಉತ್ತೇಜನ ಕೊಡುತ್ತದೆ, ಹಣ ಹೂಡಿ ಹಣ ಗೆಲ್ಲುವ ಆಟವನ್ನು ನಿಷೇಧಿಸುತ್ತದೆ. ಅಂಥ ಆಟ ಒದಗಿಸಿದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬುದನ್ನು ಆ ಕಾಯ್ದೆಯ ವ್ಯಾಖ್ಯೆ ನೋಡುವುದಿಲ್ಲ. ಲಾಭ ಕಂಪನಿಗೆ ಹೋಗುತ್ತದೆಯೋ ಧರ್ಮಕ್ಕೋ ಎಂಬುದನ್ನೂ ನೋಡುವುದಿಲ್ಲ. ‘ನಮ್ಮ ಯಂತ್ರ ಇಂಟರ್‌ನೆಟ್‌ಗೆ ಸೇರಿಲ್ಲ, ಸಭಾಂಗಣದೊಳಗೇ ಇರುತ್ತದೆ’ ಎಂಬುದು ಅವರ ಉತ್ತರ. ಹಾಗಾದರೆ ಅದು ರಾಜ್ಯದ ಅಧಿಕಾರಕ್ಕೆ ಬರುತ್ತದೆ, ಏಕೆಂದರೆ ಪಣ ಕಟ್ಟುವುದು ಮತ್ತು ಜೂಜು ಸಂವಿಧಾನದ ರಾಜ್ಯ ಪಟ್ಟಿಯ 34ನೆಯ ವಿಷಯ. ಒಪ್ಪಂದಕ್ಕೆ ಸಹಿ ಹಾಕಿ, ನಾಳೆ ಯಂತ್ರ ಜಪ್ತಿಯಾದರೆ ಠಾಣೆಗೆ ಮೊದಲು ಹೋಗಬೇಕಾದವರು ಸಂಸ್ಥೆಯ ಅಧ್ಯಕ್ಷರು ಮತ್ತು ಖಜಾಂಚಿ.

ಹಳೆಯ ಮೈಸೂರು ರಾಜ್ಯದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ಒಂದು ವಾರಪತ್ರಿಕೆಯ ಮೂಲಕ ಮುಂಬಯಿಯ ಜನರನ್ನೂ ಸೆಳೆಯುತ್ತಿದ್ದ ಪದಬಂಧದ ಬಹುಮಾನ ಸ್ಪರ್ಧೆಯ ಬಗ್ಗೆ 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದು ಹೇಳಿತು. ರಾಜ್ಯದ ಗಡಿ ದಾಟಿ ಬರುವ ಆಟಕ್ಕೆ ಕಡಿವಾಣ ಹಾಕುವ ಪ್ರಶ್ನೆ ಆಗಲೇ ನಮ್ಮ ನೆಲದಿಂದ ಎದ್ದಿತ್ತು.

ಲಾಟರಿಯ ಹಣದಿಂದ ಕೇರಳದಲ್ಲಿ ರೋಗಿಗಳಿಗೆ ನೆರವಾಗುತ್ತಿಲ್ಲವೇ ಎಂದು ನಮ್ಮವರೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೇರಳದ ಕಾರುಣ್ಯ ಲಾಟರಿಯಿಂದ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ರೋಗಿಗಳಿಗೆ ಸಹಾಯವಾಗಿರುವುದು ನಿಜ. ಆದರೆ ಅದು ಸರ್ಕಾರವೇ ನಡೆಸುವ ಕಾಗದದ ಲಾಟರಿ. 1998ರ ಲಾಟರಿ ಕಾಯ್ದೆಯ ಪ್ರಕಾರ ಟಿಕೆಟ್ ಮಾರಾಟದ ಹಣ ರಾಜ್ಯದ ಸಾರ್ವಜನಿಕ ಖಾತೆಗೆ ಸೇರಬೇಕು, ಒಂದಂಕಿಯ ಲಾಟರಿ ಕೂಡದು, ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ. ವಾರಕ್ಕೊಂದು ಡ್ರಾಕ್ಕೂ ನಿಮಿಷಕ್ಕೊಂದು ಡ್ರಾಕ್ಕೂ ಅಜಗಜಾಂತರ. ಮೇಲಾಗಿ ಕರ್ನಾಟಕ 2007ರಲ್ಲಿಯೇ ಲಾಟರಿಯನ್ನು ಪೂರ್ತಿ ನಿಲ್ಲಿಸಿದೆ. ಅದಕ್ಕೆ ಮುನ್ನ ಸಂಜೆಯಾದರೆ ಲಾಟರಿ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಹಮಾಲರು, ಗಾರೆ ಕೆಲಸದವರು ನನ್ನ ಕಣ್ಣಮುಂದೆ ಇನ್ನೂ ಇದ್ದಾರೆ. ಓಸಿ, ಮಟ್ಕಾ ಚೀಟಿಗಳ ಕಾಟ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಮಟ್ಕಾ ಬರೆಸುವವನಿಗೆ ತಾನು ತಪ್ಪು ಮಾಡುತ್ತಿದ್ದೇನೆಂಬ ಅಳುಕಾದರೂ ಇರುತ್ತದೆ. ಯಂತ್ರದ ಮೇಲೆ ಡಯಾಲಿಸಿಸ್ ರೋಗಿಯ ಚಿತ್ರ ಅಂಟಿಸಿದರೆ ಆ ಅಳುಕೂ ಹೋಗುತ್ತದೆ. ಇದನ್ನು ನಾನು ಎಲ್ಲಕ್ಕಿಂತ ದೊಡ್ಡ ಹಾನಿ ಎಂದು ಭಾವಿಸುತ್ತೇನೆ.

ಹಣವಿಲ್ಲದೆ ಸೇವೆ ನಡೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ತಿಂಗಳ ಕೊನೆಯಲ್ಲಿ ಔಷಧಿ ಅಂಗಡಿಯ ಬಾಕಿ ನೋಡುವವನು ನಾನೇ. ಆದರೆ ನಮ್ಮ ಭಾಗಕ್ಕೆ ಕೊಡುವುದನ್ನು ಯಾರೂ ಬಹುಮಾನದ ಆಸೆ ತೋರಿಸಿ ಕಲಿಸಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಟ್ರ್ಯಾಕ್ಟರ್‌ಗಳಲ್ಲಿ ಕಳಿಸುತ್ತಾರೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ದಾಸೋಹಕ್ಕೆ ಬರುವ ಅಕ್ಕಿ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಅಡುಗೆ ಮಾಡುವವರಿಗೂ ಇದೆ ಎಂದು ಆಕೆ ತೋರಿಸಿಕೊಟ್ಟಳು. ನಮ್ಮ ರಸೀದಿ ಪುಸ್ತಕದಲ್ಲಿ 51 ರೂಪಾಯಿ ಬರೆಸಿದ ಅಕ್ಕಿ ಗಿರಣಿಯ ಹಮಾಲರಿದ್ದಾರೆ. ನಾವು ಯಂತ್ರ ಇಟ್ಟರೆ ಅದರ ಮುಂದೆ ಕುಳಿತುಕೊಳ್ಳುವವರೂ ಅವರೇ, ನಾಳೆ ಅವರ ಮನೆಯವರು ಸಹಾಯ ಕೇಳಿ ಬರುವುದೂ ನಮ್ಮ ಬಾಗಿಲಿಗೇ.

ರಾಜ್ಯ ಸರ್ಕಾರ ಈ ವಿಷಯದಲ್ಲಿ ತಡಮಾಡಬಾರದು. ಇಂಟರ್‌ನೆಟ್ ಸಂಪರ್ಕವಿಲ್ಲದ ಟ್ಯಾಬ್ಲೆಟ್, ಕಿಯಾಸ್ಕ್‌ಗಳ ಮೂಲಕ ನಡೆಯುವ ಹಣದ ಆಟಕ್ಕೂ ನಿಷೇಧ ಅನ್ವಯಿಸುತ್ತದೆಂದು, ಧರ್ಮಾರ್ಥ ಎಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಇಲ್ಲವೆಂದು ಸ್ಪಷ್ಟ ಆದೇಶ ಹೊರಡಿಸಬೇಕು. ಸಂಘ–ಸಂಸ್ಥೆಗಳ ನೋಂದಣಿ ಅಧಿಕಾರಿಗಳು ಇಂಥ ಒಪ್ಪಂದಗಳ ಬಗ್ಗೆ ಜಿಲ್ಲೆಯ ಸಂಸ್ಥೆಗಳಿಗೆ ಸುತ್ತೋಲೆ ಕಳಿಸಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಸಂಸ್ಥೆಗಳ ಪದಾಧಿಕಾರಿಗಳಿಗೆ ನನ್ನದೊಂದು ವಿನಂತಿ: ಇಂಥ ಕಾಗದ ನಿಮ್ಮ ಮೇಜಿಗೂ ಬಂದಿದ್ದರೆ ಸಹಿ ಮಾಡುವ ಮುನ್ನ ನಿಮ್ಮ ಲೆಕ್ಕಪರಿಶೋಧಕರಿಗೂ ಒಬ್ಬ ವಕೀಲರಿಗೂ ತೋರಿಸಿ, ಸದಸ್ಯರ ಪೂರ್ಣ ಸಭೆಯಲ್ಲಿ ಓದಿಸಿ. ನಮ್ಮ ಸಮಿತಿ ಅದನ್ನು ಸರ್ವಾನುಮತದಿಂದ ತಿರಸ್ಕರಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸ್ ಕಳಿಸಿದೆ.

— ದತ್ತಿ ಸಂಸ್ಥೆಯೊಂದರ ಖಜಾಂಚಿ, ಗಂಗಾವತಿ, ಕೊಪ್ಪಳ ಜಿಲ್ಲೆ